ಬೆಳಗಾವಿ ಯಾರದು ಅಂತ ಕೇಳೋ ಮೊದಲು

(ಹುಳಿಮಾವಿನಲ್ಲಿ ಸೇರಿದ್ದ ವಿದ್ಯಾರ್ಥಿಗಳು ಮತ್ತು ಹಾಸ್ಟೆಲ್ ಯುವಕರ ಸಭೆಯಲ್ಲಿ ನಮ್ಮ ಬಳಗದ ಪರವಾಗಿ ಮಾಡಿದ ಭಾಷಣ)



ಹುಳಿಮಾವಿನಿಂದ ಬೆಳಗಾವಿ ಸುಮಾರು ಐನೂರು ಕಿಲೋಮೀಟರ್ ದೂರ. ಅಲ್ಲಿನ ಜಗಳ ಇಲ್ಲಿ ನಮಗ್ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಪ್ರತಿ ವರ್ಷ ನವೆಂಬರ್ ಬಂತು ಅಂದ್ರೆ ಬೆಳಗಾವಿಯ ಹೆಸರಿನಲ್ಲಿ ನಿಮ್ಮನ್ನು ಬೀದಿಗೆ ಕರೆಯುವವರು ಬರುತ್ತಾರೆ. ಬಾವುಟ ಕೊಡ್ತಾರೆ, ಘೋಷಣೆ ಹೇಳಿಕೊಡ್ತಾರೆ. ಆ ಊರಿನ ಚರಿತ್ರೆ ಮಾತ್ರ ಹೇಳುವುದಿಲ್ಲ. ಅದನ್ನು ಇವತ್ತು ನಾವು ಹೇಳ್ತೀವಿ. ಅದರ ಜೊತೆಗೆ, ಆ ಚರಿತ್ರೆಯಲ್ಲಿ ನಮ್ಮ ಕೇರಿಯವರು ಎಲ್ಲಿದ್ದಾರೆ ಅನ್ನೋದನ್ನೂ ಹುಡುಕಬೇಕಾಗಿದೆ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು, ಬೆಳಗಾವಿ ಕೋಟೆ ಇಂಗ್ಲಿಷರ ಕೈಗೆ ಬಂತು. 1836ರಲ್ಲಿ ಧಾರವಾಡ ಜಿಲ್ಲೆಯಿಂದ ಒಡೆದು ಬೆಳಗಾವಿ ಜಿಲ್ಲೆ ಮಾಡಿದರು. ಅದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜಿಲ್ಲೆಯ ಹಳ್ಳಿಗಳಲ್ಲಿ ಕನ್ನಡ ಹೆಚ್ಚು, ಪೇಟೆಯಲ್ಲಿ ಮರಾಠಿ ಹೆಚ್ಚು. ಒಂದೇ ಸಂತೆಯಲ್ಲಿ ಎರಡು ಭಾಷೆ ನಡೆಯುತ್ತಿತ್ತು. ಯಾರೂ ಅದನ್ನು ರೋಗ ಅಂದುಕೊಂಡಿರಲಿಲ್ಲ.

1924ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಅದೇ ಸಮಯದಲ್ಲಿ ಅಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಸಮ್ಮೇಳನವೂ ಆಯಿತು. 1929ರಲ್ಲಿ ಮಾಸ್ತಿಯವರು ಅಧ್ಯಕ್ಷರಾಗಿದ್ದ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಊರಲ್ಲಿ. ಮುಂದೆ 1946ರಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನ ಸೇರಿ ಸಂಯುಕ್ತ ಮಹಾರಾಷ್ಟ್ರ ಬೇಕು ಅಂತ ಗೊತ್ತುವಳಿ ಮಾಡಿದ್ದೂ ಇದೇ ಊರಲ್ಲಿ. ಇಬ್ಬರೂ ತಮ್ಮ ಕನಸನ್ನು ಒಂದೇ ನೆಲದ ಮೇಲೆ ನಿಂತು ಕಂಡವರು. ಜಗಳದ ಬೇರು ಇಲ್ಲಿದೆ.

ಈ ಎರಡೂ ಕನಸಿನಲ್ಲಿ ಕಾಣದ ಮೂರನೆಯ ಚರಿತ್ರೆಯೊಂದಿದೆ. ಅದನ್ನು ಶಾಲೆಯ ಪುಸ್ತಕದಲ್ಲಿ ನೀವು ಓದಿರಲಾರಿರಿ. ಬೆಳಗಾವಿ ಅಧಿವೇಶನ ಮುಗಿದು ನಾಲ್ಕು ತಿಂಗಳು ಆಗಿರಲಿಲ್ಲ. 1925ರ ಏಪ್ರಿಲ್‌ನಲ್ಲಿ ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಸಮ್ಮೇಳನ ಸೇರಿತು. ಅಧ್ಯಕ್ಷರು ಡಾಕ್ಟರ್ ಅಂಬೇಡ್ಕರ್. ಬಾಬಾಸಾಹೇಬರು 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿದರು, 1929ರಲ್ಲಿ ಧಾರವಾಡದಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲ್ ತೆರೆಸಿದರು. ಅದನ್ನು ನೋಡಿಕೊಂಡವರು ಬಳವಂತರಾವ್ ವರಾಳೆ. ಹಾಸ್ಟೆಲ್‌ನಲ್ಲಿ ಉಣ್ಣುವ ನಾವು ನೆನಪಿಡಬೇಕಾದ ಹೆಸರು ಇದು. ಆ ವರಾಳೆಯವರ ಮೊಮ್ಮಗ, ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ವರಾಳೆ, 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದರು, 2024ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಒಂದು ಹಾಸ್ಟೆಲ್ ಏನು ಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ಸಂಗತಿ. ಮಹಾರರು ದಂಡಿಗೆ ಬೇಡ ಅಂತ ಇಂಗ್ಲಿಷ್ ಸರ್ಕಾರ 1890ರ ದಶಕದಲ್ಲಿ ಬಾಗಿಲು ಹಾಕಿತ್ತು. ಮೊದಲ ಮಹಾಯುದ್ಧದಲ್ಲಿ ಜನ ಬೇಕಾದಾಗ ಸ್ವಲ್ಪ ತೆರೆದು, ಯುದ್ಧ ಮುಗಿದ ಮೇಲೆ ಮತ್ತೆ ಹಾಕಿತು. ಅಂಬೇಡ್ಕರರು ಹಟ ಹಿಡಿದು ಕೇಳಿದರು. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ಕಟ್ಟಿದ್ದು ಎಲ್ಲಿ? ಬೆಳಗಾವಿಯಲ್ಲಿ. ಅಂದ್ರೆ ಬೆಳಗಾವಿ ಕನ್ನಡದ್ದೋ ಮರಾಠಿಯದ್ದೋ ಅನ್ನುವ ವಾದದಲ್ಲಿ ಹೇಳದೆ ಬಿಟ್ಟ ಮಾತು ಒಂದಿದೆ. ಅದು ನಮ್ಮವರದ್ದೂ ಹೌದು.

ಈಗ ಗಡಿಯ ಕಥೆಗೆ ಬರೋಣ. 1948ರಲ್ಲಿ ಬೆಳಗಾವಿ ಪುರಸಭೆ ಮಹಾರಾಷ್ಟ್ರಕ್ಕೆ ಸೇರಿಸಿ ಅಂತ ಗೊತ್ತುವಳಿ ಮಾಡಿತು. 1953ರ ಡಿಸೆಂಬರ್‌ನಲ್ಲಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ಆಯೋಗ ಬಂತು. 1955ರಲ್ಲಿ ವರದಿ ಕೊಟ್ಟಿತು. ಚಂದಗಡ ತಾಲೂಕೊಂದನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಕರ್ನಾಟಕಕ್ಕೆ ಅಂತ ಹೇಳಿತು. ಸುತ್ತಲಿನ ತಾಲೂಕುಗಳು ಈ ಕಡೆ ಬಂದ ಮೇಲೆ ಜಿಲ್ಲೆಯ ಕೇಂದ್ರ ಆ ಕಡೆ ಹೋಗೋದು ಆಡಳಿತಕ್ಕೆ ಸರಿಯಲ್ಲ ಅನ್ನೋದು ಅದರ ತರ್ಕ. 1956ರ ನವೆಂಬರ್ 1ರಂದು ಹಾಗೇ ಆಯಿತು. ಮರಾಠಿಗರು ಒಪ್ಪಲಿಲ್ಲ. ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಚುನಾವಣೆಯ ಮೇಲೆ ಚುನಾವಣೆ ಗೆದ್ದರು.

1966ರಲ್ಲಿ ಸೇನಾಪತಿ ಬಾಪಟರ ಉಪವಾಸದ ನಂತರ ಕೇಂದ್ರ ಸರ್ಕಾರ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಿಸಿತು. ಆಯೋಗ ಕೇಳಿ ಪಡೆದದ್ದು ಮಹಾರಾಷ್ಟ್ರವೇ. ಬೆಳಗಾವಿ ನಗರವೂ ಸೇರಿ 814 ಊರು ಬೇಕು ಅಂತ ಅವರ ಬೇಡಿಕೆ. 1967ರ ವರದಿ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಅಂದಿತು. ನಿಪ್ಪಾಣಿ, ನಂದಗಡ ಸೇರಿ 264 ಊರು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯ 247 ಊರು ಕರ್ನಾಟಕಕ್ಕೆ ಅಂತ ಬರೆಯಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಬರಬೇಕು ಅಂತಲೂ ಹೇಳಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ, ಕಾಸರಗೋಡಿನ ಮಾತಿಗೆ ಕೇರಳ ಒಪ್ಪಲಿಲ್ಲ. ಒಂದು ಊರೂ ಆಚೀಚೆ ಆಗಲಿಲ್ಲ. ವರದಿ ಕಪಾಟಿನಲ್ಲಿದೆ.

ಆಮೇಲೆ ನಡೆದದ್ದನ್ನು ಚುಟುಕಾಗಿ ಹೇಳ್ತೀವಿ. 1986ರಲ್ಲಿ ಶಾಲೆಯಲ್ಲಿ ಕನ್ನಡ ಕಡ್ಡಾಯದ ವಿಷಯಕ್ಕೆ ಚಳವಳಿಯಾಗಿ, ಗೋಲಿಬಾರಿನಲ್ಲಿ ಜನ ಸತ್ತರು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2006ರಲ್ಲಿ ವಿಧಾನಮಂಡಲದ ಅಧಿವೇಶನ ಮೊದಲ ಸಲ ಬೆಳಗಾವಿಯಲ್ಲಿ ಸೇರಿತು, 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. 2014ರ ನವೆಂಬರ್ 1ರಿಂದ ಬೆಳಗಾಂ ಅನ್ನೋದು ಬೆಳಗಾವಿ ಆಯಿತು. 2022ರ ಡಿಸೆಂಬರ್‌ನಲ್ಲಿ ಎರಡೂ ವಿಧಾನಸಭೆಗಳು ಒಂದೇ ವಾರದ ಅಂತರದಲ್ಲಿ ಒಂದರ ವಿರುದ್ಧ ಒಂದು ಗೊತ್ತುವಳಿ ಮಾಡಿದವು. ಮಹಾರಾಷ್ಟ್ರದ ಪಟ್ಟಿ ಈಗ 865 ಊರಿಗೆ ಬೆಳೆದಿದೆ.

ಇಷ್ಟು ದೊಡ್ಡ ಜಗಳದಲ್ಲಿ ಕೇರಿಯ ಪ್ರಶ್ನೆ ಯಾರಾದರೂ ಕೇಳಿದರೇ? ಊರು ಯಾವ ರಾಜ್ಯಕ್ಕೆ ಹೋದರೂ ಕೇರಿ ಊರ ಹೊರಗೇ ಇರುತ್ತದೆ. ಮರಾಠಿ ಮಾತಾಡುವ ಮಹಾರ, ಕನ್ನಡ ಮಾತಾಡುವ ಹೊಲೆಯ, ಆ ಕಡೆಯ ಮಾಂಗ, ಈ ಕಡೆಯ ಮಾದರ, ಇವರಿಗೆ ಬಾವಿಯ ನೀರು ತಪ್ಪಿಸಿದವರು ಎರಡು ಭಾಷೆಯಲ್ಲಿ ಬೈದರು, ಅಷ್ಟೇ ವ್ಯತ್ಯಾಸ.

ಬಾಬಾಸಾಹೇಬರು 1955ರ ಕೊನೆಯಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಒಂದು ಪುಸ್ತಕ ಬರೆದರು. ಅವರು ಭಾಷಾ ರಾಜ್ಯವನ್ನು ಪೂರ್ತಿ ಬೇಡ ಅನ್ನಲಿಲ್ಲ. ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ, ಆದರೆ ಒಂದು ಭಾಷೆಯವರೆಲ್ಲ ಒಂದೇ ರಾಜ್ಯದಲ್ಲಿ ಇರಬೇಕು ಅಂತೇನಿಲ್ಲ ಅಂತ ವಾದಿಸಿದರು. ಮರಾಠಿ ನಾಡನ್ನೇ ನಾಲ್ಕು ಮಾಡಿ ಅಂದರು. ಯಾಕೆ? ಪ್ರತಿ ಭಾಷಾ ಪ್ರದೇಶದಲ್ಲಿ ಭೂಮಿ ಹಿಡಿದ ಒಂದೋ ಎರಡೋ ದೊಡ್ಡ ಜಾತಿಗಳಿರುತ್ತವೆ, ಸಣ್ಣ ಜಾತಿಗಳು ಅವರ ಕೈಕೆಳಗೆ ಬದುಕುತ್ತವೆ, ರಾಜ್ಯ ದೊಡ್ಡದಾದಷ್ಟೂ ಆ ದೊಡ್ಡ ಜಾತಿಯ ದಬ್ಬಾಳಿಕೆ ಹೆಚ್ಚುತ್ತದೆ ಅಂತ. ಭಾಷೆಯ ಹೆಸರಲ್ಲಿ ಯಾರಾದರೂ ಕರೆದಾಗ ಈ ಮಾತನ್ನು ಇಟ್ಟು ತೂಗಿ ನೋಡಿ.

ಇನ್ನು ನಿಮಗೆ ನೇರವಾಗಿ ತಟ್ಟುವ ವಿಷಯ. ಗಡಿ ಅಂದ್ರೆ ನಮಗೆ ಜಾತಿ ಪ್ರಮಾಣಪತ್ರ. ಪರಿಶಿಷ್ಟ ಜಾತಿಯ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. 1956ರ ನಂತರ ನಮ್ಮ ರಾಜ್ಯದ ಒಳಗೇ ಮುಂಬಯಿ ಭಾಗಕ್ಕೆ ಒಂದು ಪಟ್ಟಿ, ಹೈದರಾಬಾದ್ ಭಾಗಕ್ಕೆ ಒಂದು, ಹಳೇ ಮೈಸೂರಿಗೆ ಒಂದು ಇತ್ತು. 1976ರ ಕಾಯ್ದೆ ಬಂದ ಮೇಲೆ ಈ ಒಳಗೋಡೆಗಳು ಬಹುಮಟ್ಟಿಗೆ ಬಿದ್ದವು. ರಾಜ್ಯ ರಾಜ್ಯದ ನಡುವಿನ ಗೋಡೆ ಹಾಗೇ ಇದೆ. ಆಂಧ್ರದಿಂದ ಮುಂಬಯಿಗೆ ಬಂದ ಪರಿಶಿಷ್ಟ ಪಂಗಡದ ಹುಡುಗ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿದ. ಒಂದು ರಾಜ್ಯದ ಮೀಸಲಾತಿ ಇನ್ನೊಂದು ರಾಜ್ಯಕ್ಕೆ ಜೊತೆಯಲ್ಲಿ ಬರೋದಿಲ್ಲ ಅಂತ 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 2018ರಲ್ಲಿ ಇನ್ನೊಂದು ಪೀಠ ಅದನ್ನೇ ಎತ್ತಿಹಿಡಿಯಿತು.

ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮುಟ್ಟಿಸಿಕೊಳ್ಳದವನ ಕಣ್ಣಿಗೆ ಎರಡೂ ಊರಲ್ಲಿ ನಾವು ಅದೇ ಜಾತಿ. ಸೀಟು ಕೊಡುವ ಗುಮಾಸ್ತನ ಕಾಗದದಲ್ಲಿ ಮಾತ್ರ ಹೊರಗಿನವರು. ಇದು ಬೆಳಗಾವಿಯದ್ದಷ್ಟೇ ಪಾಡಲ್ಲ. ಇಲ್ಲಿಂದ ಅತ್ತಿಬೆಲೆ ದಾಟಿದರೆ ಹೊಸೂರು, ತಮಿಳುನಾಡು. ಆ ಕಡೆಯಿಂದ ಈ ಕಡೆಗೆ ಮದುವೆಯಾಗಿ ಬಂದ ನಮ್ಮ ಅಕ್ಕಂದಿರು ಎಷ್ಟು ಜನ ಇದ್ದಾರೆ, ನಿಮ್ಮ ಮನೆಗಳಲ್ಲೇ ಎಣಿಸಿ. ಅವರಿಗೂ ಇದೇ ಗೋಡೆ.

ಹಾಗಾದರೆ ಗಡಿ ಎಲ್ಲಿರಲಿ ಅನ್ನುವ ಪ್ರಶ್ನೆಗೆ ನಮ್ಮ ಉತ್ತರ ಏನು? ಬೆಳಗಾವಿ ಕರ್ನಾಟಕದಲ್ಲಿದೆ, ಎರಡು ಆಯೋಗಗಳು ಹಾಗೇ ಹೇಳಿವೆ, ಅದು ಅಲ್ಲೇ ಇರಲಿ. ಅಲ್ಲಿನ ಮರಾಠಿ ಮಾತಾಡುವ ಕೂಲಿಯವನು ನಮ್ಮ ವೈರಿಯಲ್ಲ. ಅವನ ಮಗಳಿಗೆ ತಾಯಿನುಡಿಯ ಶಾಲೆ ಬೇಕು, ಕನ್ನಡವೂ ಬೇಕು. 1981ರಲ್ಲಿ ನಿಪ್ಪಾಣಿಯ ಹೊಗೆಸೊಪ್ಪಿನ ರೈತರು ಬೆಲೆಗಾಗಿ ಹೆದ್ದಾರಿ ತಡೆದು ಕೂತಾಗ ಕನ್ನಡದವರೂ ಮರಾಠಿಯವರೂ ಒಟ್ಟಿಗೇ ಕೂತಿದ್ದರು. ಗುಂಡು ಬಿದ್ದಾಗ ಅದು ಭಾಷೆ ಕೇಳಲಿಲ್ಲ.

ನಿಮಗೆ ನಾವು ಹೇಳೋದು ಮೂರು ಕೆಲಸ. ಯಾರ ಮೇಲಾದರೂ ಕಲ್ಲು ಎತ್ತು ಅಂತ ಹೇಳಿದರೆ, ಅವನ ಸ್ವಂತ ಮಗ ಎಲ್ಲಿದ್ದಾನೆ ಅಂತ ಕೇಳಿ. ಪೊಲೀಸ್ ಕೇಸು ಬಿದ್ದರೆ ನೌಕರಿಗೆ ಅಡ್ಡ ಬರೋದು ಹಾಸ್ಟೆಲ್ ಹುಡುಗನಿಗೆ. ಎರಡನೆಯದು, ಗಡಿ ದಾಟಿ ಬಂದ ನಮ್ಮವರ ಪ್ರಮಾಣಪತ್ರದ ತೊಂದರೆಗಳನ್ನು ನಿಮ್ಮ ನಿಮ್ಮ ಕೇರಿಯಲ್ಲಿ ಬರೆದಿಟ್ಟುಕೊಳ್ಳಿ. ಪಟ್ಟಿ ಬದಲಿಸುವ ಅಧಿಕಾರ ಪಾರ್ಲಿಮೆಂಟಿನದ್ದು. ಕೇಳಬೇಕಾದ್ದು ಅಲ್ಲಿ, ಕೇಳಲಿಕ್ಕೆ ಲೆಕ್ಕ ಬೇಕು. ಮೂರನೆಯದು, ಬಾಬಾಸಾಹೇಬರ ಆ ಸಣ್ಣ ಪುಸ್ತಕವನ್ನು ಹಾಸ್ಟೆಲ್‌ನಲ್ಲಿ ಕೂತು ಒಟ್ಟಿಗೆ ಓದಿ. ಮುಂದಿನ ನವೆಂಬರ್ ಬರುವುದರೊಳಗೆ ಓದಿ ಮುಗಿಸಿ.

ಜೈ ಭೀಮ್.