ಗೈರುಹಾಜರಿಯ ದುಡಿಮೆ

ಬೀದರ್, ಭಾಲ್ಕಿ, ಔರಾದ್‌ ಕಡೆಯಿಂದ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಬಂದ ಸ್ವಸಹಾಯ ಗುಂಪುಗಳ ತಾಯಂದಿರೇ, ಈ ಮಾರಾಟ ಮೇಳ ಉದ್ಘಾಟನೆಯಾಯಿತು. ವ್ಯಾಪಾರದ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಪಾಠ ಹೇಳಿದ ನಾನು ಬಲ್ಲದ್ದು ಹಾಜರಿ ಪುಸ್ತಕ. ಅದರ ಮಾತನ್ನೇ ಆಡುತ್ತೇನೆ.

ಔರಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನಿದ್ದಾಗ, ಹೆಸರುಕಾಯಿ ಬಿಡಿಸುವ ಕಾಲ ಬಂತೆಂದರೆ ಏಳನೇ ತರಗತಿಯಲ್ಲಿ ಹುಡುಗಿಯರ ಸಾಲು ಬರಿದಾಗುತ್ತಿತ್ತು. ಚೆನ್ನಾಗಿ ಓದುತ್ತಿದ್ದ ಒಬ್ಬಳನ್ನು ಹುಡುಕಿಕೊಂಡು ಮನೆಗೇ ಹೋದೆ. ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ತಮ್ಮ ಮಲಗಿದ್ದ. ಕಾಲ್ಬೆರಳಿಗೆ ಹಗ್ಗ ಸಿಕ್ಕಿಸಿಕೊಂಡು ತೂಗುತ್ತಲೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಅವ್ವ ಹೊಲಕ್ಕ ಹೋಗ್ಯಾಳ್ರಿ ಬಾಯೋರೆ, ಕೂಸಿಗಿ ನೋಡ್ಲಾಕ ಯಾರೂ ಇಲ್ರಿ” ಅಂದಳು. ಅವಳ ಅಣ್ಣ ಆ ಹೊತ್ತಿಗೆ ಶಾಲೆಯಲ್ಲಿದ್ದ. ಮರುದಿನ ಅವಳ ಹೆಸರಿನ ಮುಂದೆ ‘ಗೈ’ ಎಂದು ಬರೆಯಲು ಕೈ ಏಳಲಿಲ್ಲ. ಗೈರುಹಾಜರಾದವಳು ನಸುಕಿನಿಂದ ದುಡಿಯುತ್ತಿದ್ದಳು.

2011ರ ಜನಗಣತಿಯಂತೆ ನಮ್ಮ ಬೀದರ್ ಜಿಲ್ಲೆಯ ಗಂಡಸರಲ್ಲಿ ಅಕ್ಷರ ಬಲ್ಲವರು ಸುಮಾರು ಶೇ. 79, ಹೆಂಗಸರಲ್ಲಿ ಸುಮಾರು ಶೇ. 62. ಈ ಅಂತರದೊಳಗೆ ಅಂಥ ಜೋಲಿಗಳು ಎಷ್ಟು ತೂಗಿವೆಯೋ! ಹೊಲಕ್ಕೆ ಹೋದ ಅವ್ವನ ಕೂಲಿಯಲ್ಲೂ ಅಂತರವಿದೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯೂ ಗಂಡು ಹೆಣ್ಣು ಇಬ್ಬರಿಗೂ ಒಂದೇ ಕೂಲಿ ಎಂದಿತು. ಆದರೂ ನಾನು ಕಂಡ ಹೊಲಗಳಲ್ಲಿ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಇನ್ನೊಂದು. ಅವ್ವನ ಕೂಲಿ ಕಡಿಮೆ. ಮನೆಯಲ್ಲಿ ದುಡಿಯುವ ಮಗಳಿಗೆ ಕೂಲಿಯೇ ಇಲ್ಲ. ಓದು ಅರ್ಧಕ್ಕೆ ಬಿಟ್ಟ ಆ ಮಗಳು ನಾಳೆ ಅದೇ ಹೊಲಕ್ಕೆ, ಅದೇ ಕಡಿಮೆ ಕೂಲಿಗೆ ಹೋಗುತ್ತಾಳೆ.

ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲೆಂದು ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆ ಪ್ರಕಟಿಸಿತು. ಹೆಸರು, ಉದ್ದು, ಸೋಯಾ ರಾಶಿಯ ದಿನಗಳಲ್ಲಿ ಹೊಲದ ಕೂಲಿಗೆ ಹೋಗುವವರ ಕೂಸುಗಳಿಗೂ ಅಂಥ ಮನೆ ಊರೂರಲ್ಲಿ ಬೇಕು. ಇಲ್ಲಿರುವ ಅಧಿಕಾರಿಗಳನ್ನು ಕೈಮುಗಿದು ಕೇಳುತ್ತೇನೆ.

ತಾಯಂದಿರೇ, ಇಲ್ಲಿ ಮಾರುವ ಖಾರದಪುಡಿಗೆ ಬೆಲೆ ಕಟ್ಟುವಾಗ ಕುಟ್ಟಿದ ಕೈಯ ಕೂಲಿಯನ್ನೂ ಸೇರಿಸಿರಿ. ಮತ್ತೊಂದು ಮಾತು. ಇವತ್ತು ನಿಮ್ಮ ಕೂಸನ್ನು ಮನೆಯಲ್ಲಿ ಯಾರು ನೋಡುತ್ತಿದ್ದಾರೆ? ದೊಡ್ಡ ಮಗಳಾಗಿದ್ದರೆ, ನಾಳೆ ಕೂಸನ್ನು ಇಲ್ಲಿಗೇ ಎತ್ತಿಕೊಂಡು ಬನ್ನಿ. ಮೇಳ ಮುಗಿಯುವವರೆಗೆ ನಾನು ಇಲ್ಲೇ ಇರುತ್ತೇನೆ, ಜೋಲಿ ನಾನು ತೂಗುತ್ತೇನೆ. ಅವಳು ಶಾಲೆಗೆ ಹೋಗಲಿ.