ಚಿನ್ನದ ಬಣ್ಣದ ರೋಗಾಣು, ನೀಲಿ ಬೆಳಕು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಸು ಕಟ್ಟಿದ ಮನೆಯವರಿಗೆಲ್ಲ ಕೆಚ್ಚಲು ಬಾವು ಗೊತ್ತು. ಹಾಲು ಒಡೆಯುತ್ತದೆ, ಡೇರಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಡಾಕ್ಟರನ್ನು ಕರೆಸಿ ಔಷಧಿ ಹಾಕಿಸುತ್ತೇವೆ. ಎರಡು ದಿನಕ್ಕೆ ಬಾವು ಇಳಿದರೆ ಮೂರನೆಯ ದಿನ ನಿಲ್ಲಿಸಿಬಿಡುತ್ತೇವೆ. ನಮ್ಮ ಮನೆಯಲ್ಲೂ ಹೀಗೇ ಮಾಡಿದ್ದೇವೆ.

ಆ ಬಾವು ತರುವ ರೋಗಾಣುಗಳಲ್ಲಿ ಒಂದು ಸ್ಟೆಫಿಲೊಕಾಕಸ್ ಆರಿಯಸ್. ನಮಗೆ ಕುರು, ಕೀವು ತರುವುದೂ ಅದೇ. ಆರಿಯಸ್ ಎಂದರೆ ಚಿನ್ನದ್ದು; ಅದರ ಮೈಯಲ್ಲಿ ಹೊಂಬಣ್ಣವಿದೆ. ಸುವರ್ಣ ಮಹೋತ್ಸವಕ್ಕೆ ಇಂಥ ಅತಿಥಿಯನ್ನು ಕರೆತಂದಿದ್ದಕ್ಕೆ ಕ್ಷಮಿಸಿ.

ಅರೆಬರೆ ಔಷಧಿ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ, ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ಯಾರು ಕೇಳಿದರು? ಔಷಧಿಗೆ ಬಗ್ಗದ ರೋಗಾಣುಗಳಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು.

ರೋಗಾಣುವಿಗೆ ಒಂದು ಗೋಡೆಯಿದೆ. ಅದನ್ನು ಕಟ್ಟುವ ಕಿಣ್ವಗಳನ್ನು ಗಾರೆ ಕೆಲಸದವರು ಅಂದುಕೊಳ್ಳಿ. ಪೆನಿಸಿಲಿನ್ ಅವರ ಕೈ ಕಟ್ಟುತ್ತದೆ. ಗೋಡೆ ಬಿದ್ದು ರೋಗಾಣು ಸಾಯುತ್ತದೆ. ಮೊಂಡು ಬಿದ್ದ ಆರಿಯಸ್ ಮಾತ್ರ ಪೆನಿಸಿಲಿನ್‌ಗೆ ಸಿಗದ ಇನ್ನೊಬ್ಬ ಗಾರೆಯವನನ್ನು ಇಟ್ಟುಕೊಂಡಿದೆ. ಅವನು ನಿಂತು ಕೆಲಸ ಮಾಡಲು ಪೊರೆಯಲ್ಲಿ ಒಂದು ಸಾರುವೆ ಬೇಕು. ಆ ಸಾರುವೆಯನ್ನು ಬಿಗಿಯಾಗಿ ಹಿಡಿದಿರುವುದು ಅದೇ ಹೊಂಬಣ್ಣ.

ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಜಿ-ಶಿನ್ ಚೆಂಗ್ ಅವರ ತಂಡ ಇಲ್ಲಿಗೇ ಕೈ ಹಾಕಿತು. ನೀಲಿ ಲೇಸರನ್ನು ಮಿಡಿಮಿಡಿಯಾಗಿ ಬಿಟ್ಟಾಗ ಬಣ್ಣ ಒಡೆಯಿತು, ಸಾರುವೆ ಕುಸಿಯಿತು. ಕೆಲಸಕ್ಕೆ ಬಾರದೆ ಹೋಗಿದ್ದ ಹಳೆಯ ಪೆನಿಸಿಲಿನ್ ಜಾತಿಯ ಔಷಧಿಗೆ ಮತ್ತೆ ಜೀವ ಬಂತು. 2020ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೊಸ ಔಷಧಿ ಹುಡುಕುವ ಬದಲು ಹಳೆಯದಕ್ಕೇ ದಾರಿ ಬಿಡಿಸಿಕೊಟ್ಟ ಈ ಉಪಾಯ ನನಗೆ ಬಹಳ ಹಿಡಿಸಿತು.

ಆದರೆ ನೀಲಿ ಬೆಳಕು ಚರ್ಮದೊಳಗೆ ಹೆಚ್ಚು ಆಳಕ್ಕೆ ಇಳಿಯದು. ಮೇಲಿನ ಗಾಯಕ್ಕೆ ಆದೀತು. ಶ್ವಾಸಕೋಶಕ್ಕೆ, ಕೆಚ್ಚಲಿನ ಒಳಗಿಗೆ ಹೀಗೆ ಹೊರಗಿನಿಂದ ಮುಟ್ಟಿಸಲಾಗದು. ನಮ್ಮ ಆಸ್ಪತ್ರೆಗೆ ನಾಳೆಯೇ ಬರುತ್ತದೆಂದು ನಾನು ಹೇಳುತ್ತಿಲ್ಲ.

ಬೆಳಿಗ್ಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಜಾತ್ರೆಯಲ್ಲಿ ಸಿಗೋ ಲೇಸರ್ ಲೈಟ್ ಬಿಟ್ರೆ ಸಾಯಲ್ವಾ ಸಾರ್?" ಎಂದು ಕೇಳಿದಳು. ಇಲ್ಲಮ್ಮ, ಅದರ ಬಣ್ಣವೂ ಬೇರೆ, ಶಕ್ತಿಯೂ ಸಾಲದು. ಕಣ್ಣಿಗೆ ಮಾತ್ರ ಬಿಟ್ಟುಕೊಳ್ಳಬೇಡ. ಆದರೂ ಆ ಪ್ರಶ್ನೆಯನ್ನು ನಿಮ್ಮ ವಿಜ್ಞಾನ ಮೇಷ್ಟ್ರ ಹತ್ತಿರ ಇನ್ನೊಮ್ಮೆ ಕೇಳು.