ಶುಲ್ಕ ಯಾವುದಕ್ಕೆ? ವಿದ್ಯುನ್ಮಾನ ಸಂಗೀತ ಮತ್ತು ಆನ್‌ಲೈನ್ ಪಾಠ

(ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಯುವಜನರ ಮುಂದೆ ಮಾಡಿದ ಭಾಷಣದ ಬರಹರೂಪ)



ಕೆಂಚಾರ್ಲಹಳ್ಳಿಯಂಥ ಊರಿನಲ್ಲಿ ಸಂಗೀತ ಕಲಿಯಬೇಕೆಂದರೆ ಒಂದು ಕಾಲಕ್ಕೆ ದಾರಿಗಳು ಕೆಲವೇ ಇದ್ದವು. ಭಜನೆ ಮಂಡಳಿಯಲ್ಲಿ ಹಿರಿಯರ ಹಿಂದೆ ಕೂತು ಕೈವಾರ ತಾತಯ್ಯನವರ ತತ್ವಪದಗಳಿಗೆ ತಾಳ ಹಾಕುವುದು, ನಾಟಕದ ಹಾರ್ಮೋನಿಯಂ ಮೇಷ್ಟರ ಬೆನ್ನು ಹತ್ತುವುದು, ಜಾತ್ರೆಯಲ್ಲಿ ತಮಟೆಯವರ ಜೊತೆ ನಡೆಯುತ್ತ ಪೆಟ್ಟುಗಳನ್ನು ಕಿವಿಗೆ ತುಂಬಿಕೊಳ್ಳುವುದು. ಇವುಗಳಲ್ಲಿ ಯಾವುದಕ್ಕೂ ರಸೀದಿ ಹರಿದುಕೊಡುವ ಪದ್ಧತಿ ಇರಲಿಲ್ಲ.

ಈಗ ಕಾಲ ಬದಲಾಗಿದೆ. ಒಂದು ಲ್ಯಾಪ್‌ಟಾಪ್ ಇದ್ದರೆ ಇಡೀ ವಾದ್ಯಗೋಷ್ಠಿಯನ್ನು ಒಬ್ಬನೇ ಕಟ್ಟಬಹುದು. ಗಣೇಶನ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಯಿಂದ ಹೊಮ್ಮುವ ಹಾಡನ್ನು ಕೇಳಿದ ಹುಡುಗನಿಗೆ ಅದನ್ನು ತಾನೇ ಮಾಡಬೇಕೆಂಬ ಆಸೆ ಹುಟ್ಟುತ್ತದೆ. ಮೊಬೈಲ್ ತೆರೆದರೆ ಕೆಲವೇ ತಿಂಗಳಲ್ಲಿ ಸಂಗೀತ ನಿರ್ಮಾಪಕನಾಗಬಹುದು ಎನ್ನುವ ಜಾಹೀರಾತು ಎದುರಾಗುತ್ತದೆ. ಕೆಳಗೆ ಶುಲ್ಕದ ಮೊತ್ತವಿರುತ್ತದೆ. ಅದು ಇಪ್ಪತ್ತೋ ಮೂವತ್ತೋ ಸಾವಿರ ಎಂದಿಟ್ಟುಕೊಳ್ಳೋಣ. ಡೇರಿಗೆ ಹಾಲು ಹಾಕಿ, ರೇಷ್ಮೆ ಗೂಡು ಮಾರಿ ಸಂಸಾರ ತೂಗಿಸುವ ಮನೆಗೆ ಅದು ಸಣ್ಣ ಹಣವಲ್ಲ. ಆದ್ದರಿಂದ ಹಣ ಕೊಟ್ಟು ಕಲಿಯುವುದು ಸಾರ್ಥಕವೇ ಎಂಬ ಪ್ರಶ್ನೆ ಮನೆಯ ಹಿರಿಯರಿಗೂ ಸಂಬಂಧಿಸಿದ್ದು.

ಉತ್ತರ ಹುಡುಕುವ ಮೊದಲು ಕಲಿಯಬೇಕಾದುದು ಏನು ಎಂಬುದನ್ನು ತಿಳಿಯಬೇಕು. ವಿದ್ಯುನ್ಮಾನ ಸಂಗೀತ ನಿರ್ಮಾಣದಲ್ಲಿ ಮುಖ್ಯವಾಗಿ ಮೂರು ಕೆಲಸಗಳಿವೆ. ಮೊದಲನೆಯದು ನಾದವನ್ನು ಹುಟ್ಟಿಸುವುದು. ಸಿಂಥಸೈಜರ್ ಎಂಬ ಸಾಧನದಲ್ಲಿ ಕಂಪನವನ್ನು ಉಂಟುಮಾಡುವ ಆಸಿಲೇಟರ್, ಅದರಿಂದ ಬೇಡದ ಅಂಶವನ್ನು ಸೋಸುವ ಫಿಲ್ಟರ್, ನಾದ ಎಷ್ಟು ಬೇಗ ಏರಬೇಕು, ಎಷ್ಟು ನಿಧಾನ ಇಳಿಯಬೇಕು ಎಂಬುದನ್ನು ನಿರ್ಧರಿಸುವ ಎನ್ವಲಪ್ ಇರುತ್ತವೆ. ಎರಡನೆಯದು ಈ ನಾದಗಳನ್ನು ತಾಳಕ್ಕೆ ಹೊಂದಿಸಿ ಹಾಡಾಗಿ ಜೋಡಿಸುವುದು. ಮೂರನೆಯದು ಹದ ಮಾಡುವುದು, ಎಂದರೆ ಮಿಕ್ಸಿಂಗ್. ದನಿ, ತಾಳ, ಶ್ರುತಿ ಒಂದನ್ನೊಂದು ನುಂಗದಂತೆ ಪ್ರತಿಯೊಂದಕ್ಕೂ ಜಾಗ ಮಾಡಿಕೊಡುವ ಕೆಲಸ ಇದು. ಅಡುಗೆಯಲ್ಲಿ ಉಪ್ಪು ಹುಳಿ ಖಾರ ಹದವಾಗಬೇಕಲ್ಲ, ಹಾಗೆ.

ಈ ಮೂರರಲ್ಲೂ ಎರಡು ಬಗೆಯ ವಿದ್ಯೆ ಬೆರೆತಿದೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದು ಒಂದು ಬಗೆ. ಅದು ಮಾಹಿತಿ. ಯಾವಾಗ ಒತ್ತಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದು ಇನ್ನೊಂದು ಬಗೆ. ಅದು ಕಿವಿಯ ವಿವೇಕ. ಈ ಎರಡರ ಬೆಲೆ ಒಂದೇ ಅಲ್ಲ.

ಮಾಹಿತಿಯಂತೂ ಈಗ ಬಹುಮಟ್ಟಿಗೆ ಉಚಿತವಾಗಿದೆ. 2000ದಲ್ಲಿ ಬಂದ ಆಡಾಸಿಟಿ ಎಂಬ ಧ್ವನಿಮುದ್ರಣದ ತಂತ್ರಾಂಶಕ್ಕೆ ಬೆಲೆಯಿಲ್ಲ. ಹಾಡು ಕಟ್ಟುವ ಎಲ್‌ಎಂಎಂಎಸ್ ಕೂಡ ಹಾಗೆಯೇ. ಬರ್ಲಿನ್ ನಗರದ ಏಬಲ್‌ಟನ್ ಕಂಪನಿ ತಾಳ, ಸ್ವರ, ಸ್ವರಮೇಳಗಳ ಪ್ರಾಥಮಿಕ ಪಾಠಗಳನ್ನು 2017ರಲ್ಲೂ ಸಿಂಥಸೈಜರ್ ಪಾಠಗಳನ್ನು 2019ರಲ್ಲೂ ಉಚಿತವಾಗಿ ಅಂತರಜಾಲದಲ್ಲಿ ಇಟ್ಟಿತು. ಅಮೆರಿಕದ ಬಾಸ್ಟನ್‌ನಲ್ಲಿರುವ ಹೆಸರಾಂತ ಬರ್ಕ್ಲಿ ಸಂಗೀತ ಕಾಲೇಜು ಸಂಗೀತ ನಿರ್ಮಾಣದ ಪರಿಚಯ ಪಾಠವನ್ನು 2013ರಲ್ಲಿ ಕೋರ್ಸೆರಾ ತಾಣದ ಮೂಲಕ ಶುಲ್ಕವಿಲ್ಲದೆ ಎಲ್ಲರ ಮುಂದೆ ತೆರೆದಿಟ್ಟಿತು.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಅದೇ ಬರ್ಕ್ಲಿ ಕಾಲೇಜು ತನ್ನ ಸ್ವಂತ ಆನ್‌ಲೈನ್ ಶಾಖೆಯಲ್ಲಿ ಅದೇ ವಿಷಯವನ್ನು ದುಬಾರಿ ಶುಲ್ಕ ಪಡೆದು ಕಲಿಸುತ್ತದೆ. ಉಚಿತವಾಗಿ ಸಿಕ್ಕುವುದಕ್ಕೆ ಜನ ಏಕೆ ಹಣ ಕೊಡುತ್ತಾರೆ? ಶುಲ್ಕದ ತರಗತಿಯಲ್ಲಿ ವಿದ್ಯಾರ್ಥಿಗಳು ಕೆಲವರೇ ಇರುತ್ತಾರೆ. ವಾರ ವಾರ ಕೊಟ್ಟ ಅಭ್ಯಾಸವನ್ನು ಒಬ್ಬ ಶಿಕ್ಷಕ ಕೇಳಿ ತಿದ್ದುತ್ತಾನೆ. ಪಾಠ ಉಚಿತ, ತಿದ್ದುವ ಕಿವಿಗೆ ಶುಲ್ಕ. ಇಡೀ ಪ್ರಶ್ನೆಯ ತಿರುಳು ಇಷ್ಟರಲ್ಲೇ ಇದೆ.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಮಾತಲ್ಲ. ಕನ್ನಡ ನಾಡಿನ ಸಂಗೀತ ಪರಂಪರೆಯನ್ನು ನೋಡಿದರೂ ಗುರುವಿಗೆ ಸಲ್ಲುತ್ತಿದ್ದುದು ಇದಕ್ಕಾಗಿಯೇ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತು ಮರಳುತ್ತಿದ್ದರು. ರಾಗದ ಹೆಸರು, ಆರೋಹಣ ಅವರೋಹಣಗಳನ್ನು ತಿಳಿಯುವುದಷ್ಟೇ ಉದ್ದೇಶವಾಗಿದ್ದರೆ ಪುಸ್ತಕ ಸಾಕಾಗಿತ್ತು. ಗುರು ಕೆಲವೇ ರಾಗಗಳನ್ನು ಹಿಡಿದು, ಒಂದೊಂದು ಸ್ವರಗುಚ್ಛವನ್ನು ಮತ್ತೆ ಮತ್ತೆ ಹಾಡಿಸಿ ತಿದ್ದುತ್ತಿದ್ದರು. ಆ ತಿದ್ದುಪಡಿಗಾಗಿ ರೈಲು ಹತ್ತಬೇಕಾಗಿತ್ತು.

ಆ ಕಿವಿಯ ಬೆಲೆ ಯಾವಾಗಲೂ ಹಣವೇ ಆಗಿರಬೇಕೆಂದೂ ಇಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧರೂ ಬಡವರೂ ಆದ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಮೂರನ್ನೂ ಉಚಿತವಾಗಿ ಕೊಟ್ಟರು. ಅಲ್ಲಿ ಶಿಷ್ಯ ಕೊಡಬೇಕಾಗಿದ್ದುದು ವರ್ಷಗಳ ಸಾಧನೆಯನ್ನು. ಅಗ್ಗದ ವಿದ್ಯೆ ಕಳಪೆಯೆಂದೂ ದುಬಾರಿ ವಿದ್ಯೆ ಶ್ರೇಷ್ಠವೆಂದೂ ತಿಳಿಯುವವರು ಗದುಗನ್ನು ನೆನೆಯಬೇಕು.

ವಿದ್ಯುನ್ಮಾನ ಸಂಗೀತ ಭಾರತಕ್ಕೆ ಬಂದ ಬಗೆಯಲ್ಲೂ ಇಂಥದೇ ಕಥೆಯಿದೆ. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಹೋಗಿ ಸಂಗೀತ ಸಂಯೋಜಕ ಜಾನ್ ಕೇಜ್ ಅವರನ್ನು ಕಂಡರು. ಆಕೆ ಆತನಿಗೆ ಭಾರತೀಯ ಸಂಗೀತವನ್ನು ಕಲಿಸಿದರು, ಆತ ಆಕೆಗೆ ಪಾಶ್ಚಾತ್ಯ ಸಂಗೀತವನ್ನು ಕಲಿಸಿದರು. ಹಣದ ಮಾತೇ ಇರಲಿಲ್ಲ. ಮುಂದೆ 1969ರಲ್ಲಿ ಕೇಜ್ ಅವರ ಒಡನಾಡಿ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದು, ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಸಿಂಥಸೈಜರ್ ಇರುವ ಸ್ಟುಡಿಯೊ ಕಟ್ಟಲು ನೆರವಾದರು. ಗೀತಾ ಸಾರಾಭಾಯಿ ಮತ್ತು ಕೆಲವರು ಅದರಲ್ಲಿ ರಚನೆಗಳನ್ನು ಮಾಡಿದರು. ಯಂತ್ರ ಹೊರದೇಶದಿಂದ ಬಂದಿತು. ಅದನ್ನು ನುಡಿಸುವುದು ಮಾತ್ರ ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕೂತು ಕಲಿತದ್ದು.

ಗುರುವಿಲ್ಲದೆಯೂ ಕೆಲವರು ಮುಂದೆ ಹೋದದ್ದುಂಟು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ಒಂದು ಧ್ವನಿಮುದ್ರಿಕೆ ಹೊರತಂದರು. ಅದಕ್ಕೆ ಅವರು ಬಳಸಿದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಆಗಿನ ಹೊಸ ಯಂತ್ರಗಳು: ತಾಳಕ್ಕೆ ಟಿಆರ್-808, ಮಂದ್ರಕ್ಕೆ ಟಿಬಿ-303, ಸ್ವರಕ್ಕೆ ಜುಪಿಟರ್-8. ಆ ಕಾಲಕ್ಕೆ ಅದು ಮಾರಾಟವಾಗಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಜಗತ್ತಿನ ವಿದ್ಯುನ್ಮಾನ ಸಂಗೀತಗಾರರು ಬೆರಗಾದರು. ಆ ಯಂತ್ರಗಳ ಬಗ್ಗೆ ಯಾವ ಕೋರ್ಸೂ ಇಲ್ಲದ ದಿನಗಳಲ್ಲಿ ಸಿಂಗ್ ಅದನ್ನು ಸಾಧಿಸಿದ್ದರು. ಆದರೆ ಅವರು ಅನನುಭವಿಯಾಗಿರಲಿಲ್ಲ. ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ವರ್ಷಗಟ್ಟಲೆ ನುಡಿಸಿ ಹದಗೊಂಡ ಕಿವಿ ಅವರದು.

ಬೆಂಗಳೂರಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲುವಾದಕರೂ ಹೌದು. ಶ್ರುತಿಯ ಸೂಕ್ಷ್ಮ ತಿಳಿದಿದ್ದರಿಂದಲೇ ಸರ್ಕಿಟ್ಟಿನಿಂದ ತಂಬೂರಿಯ ನಾದ ತೆಗೆಯುವುದು ಸಾಧ್ಯವಾಯಿತು. 1987ರ ‘ಪ್ರೇಮಲೋಕ’ ಚಿತ್ರದ ಹಾಡುಗಳಿಂದ ಕನ್ನಡ ಚಿತ್ರಸಂಗೀತಕ್ಕೆ ಹೊಸ ನಾದವನ್ನು ತಂದ ಹಂಸಲೇಖ ಅವರ ಹಿಂದೆಯೂ ನಾಟಕ ಮತ್ತು ವಾದ್ಯಗೋಷ್ಠಿಗಳ ಅನುಭವವಿತ್ತು. ಯಂತ್ರ ಹೊಸದು, ಕಿವಿ ಹಳೆಯದು.

ಹಾಗಾದರೆ ಹಳ್ಳಿಯ ಹುಡುಗನಿಗೆ ಶುಲ್ಕದ ಪಾಠ ಬೇಡವೇ ಬೇಡವೆ? ಹಾಗೆ ಹೇಳಿಬಿಡುವುದೂ ತಪ್ಪಾಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಹುಡುಗನೊಬ್ಬ ಊರ ಜಾತ್ರೆಯ ತಮಟೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಹಾಡು ಕಟ್ಟುತ್ತಾನೆ. ಬೆಂಕಿಗೆ ಹಿಡಿದು ಚರ್ಮ ಬಿಗಿಗೊಳಿಸಿದ ತಮಟೆಯ ಪೆಟ್ಟು ಕ್ಷಣಮಾತ್ರದಲ್ಲಿ ಚುರುಕಾಗಿ ಎದ್ದು ಇಳಿಯುತ್ತದೆ. ಹತ್ತಿರದಿಂದ ಮುದ್ರಿಸಿದರೆ ಮೈಕು ಅದನ್ನು ತಾಳಲಾರದು, ನಾದ ಒಡೆದು ಗರಗರ ಎನ್ನುತ್ತದೆ. ಹುಡುಗ ಅಂತರಜಾಲದಲ್ಲಿ ಹುಡುಕಿದಾಗ ದನಿಯ ಏರಿಳಿತವನ್ನು ಹಿಡಿತಕ್ಕೆ ತರುವ ಕಂಪ್ರೆಸರ್ ಕುರಿತ ಹತ್ತಾರು ಉಚಿತ ಪಾಠಗಳು ಸಿಕ್ಕುತ್ತವೆ. ಅವೆಲ್ಲ ಸರಿಯಾದ ಪಾಠಗಳೇ. ಅವುಗಳಂತೆ ಮಾಡುತ್ತಾನೆ, ಹಾಡು ಇನ್ನಷ್ಟು ಕೆಡುತ್ತದೆ. ದೋಷ ಕಂಪ್ರೆಸರ್‌ನಲ್ಲಿ ಇರಲೇ ಇಲ್ಲ. ಮುದ್ರಿಸುವಾಗ ನಾಲ್ಕು ಹೆಜ್ಜೆ ಹಿಂದೆ ನಿಲ್ಲಬೇಕಾಗಿತ್ತು. ಅನುಭವಿಯೊಬ್ಬ ಅರ್ಧ ನಿಮಿಷ ಕೇಳಿದ್ದರೆ ಇದನ್ನು ಹೇಳಿಬಿಡುತ್ತಿದ್ದ.

ಉಚಿತ ಪಾಠದ ಕೊರತೆ ಇಲ್ಲಿದೆ. ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಆದರೆ ಹೊಸಬನಿಗೆ ಯಾವ ಪ್ರಶ್ನೆ ಕೇಳಬೇಕೆಂಬುದೇ ತಿಳಿದಿರುವುದಿಲ್ಲ. ಆ ಪ್ರಶ್ನೆಯನ್ನು ಗುರುತಿಸಿಕೊಡುವವನಿಗೆ ಹಣ ಕೊಟ್ಟರೆ ಅದು ದಂಡವಲ್ಲ.

ದುರದೃಷ್ಟವೆಂದರೆ ಹಣ ಪಡೆಯುವ ಎಷ್ಟೋ ಪಾಠಗಳು ಹೀಗೆ ಕೇಳಿಸಿಕೊಳ್ಳುವುದೇ ಇಲ್ಲ. ಮೊದಲೇ ಮುದ್ರಿಸಿಟ್ಟ ವಿಡಿಯೊಗಳ ಒಂದು ಸಾಲು, ಕೊನೆಯಲ್ಲಿ ಒಂದು ಸರ್ಟಿಫಿಕೇಟು. ಅದರಲ್ಲೂ ಒಂದು ಉಪಯೋಗವಿದೆ ಎನ್ನಬಹುದು. ಚೆಲ್ಲಾಪಿಲ್ಲಿಯಾಗಿರುವ ವಿಷಯ ಅಲ್ಲಿ ಕ್ರಮವಾಗಿ ಸಿಕ್ಕುತ್ತದೆ, ಹಣ ಕೊಟ್ಟೆವಲ್ಲ ಎಂಬ ಕಾರಣಕ್ಕಾದರೂ ಹುಡುಗ ನಿತ್ಯ ಕೂರುತ್ತಾನೆ. ಆದರೆ ಆ ಕ್ರಮವನ್ನು ಒಂದು ಒಳ್ಳೆಯ ಪುಸ್ತಕವೂ ಕೊಡುತ್ತದೆ. ಇನ್ನು ಸರ್ಟಿಫಿಕೇಟಿನ ಮಾತು. ಶಾಸ್ತ್ರೀಯ ಸಂಗೀತದಲ್ಲಿ ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಬೆಲೆಯುಂಟು, ಕಲಿಸುವ ಕೆಲಸಕ್ಕೆ ಅವು ಬೇಕಾಗುತ್ತವೆ. ಹಾಡು ಮಾಡಿಸಿಕೊಳ್ಳಲು ಬಂದವನು ಮಾತ್ರ ಕಾಗದ ಕೇಳುವುದಿಲ್ಲ, ಹಾಡು ಕೇಳುತ್ತಾನೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಅವರ ಕೈಯ ಪೆಟ್ಟಿಗೆ.

ಆದ್ದರಿಂದ ಹಣ ಕಟ್ಟುವ ಮುನ್ನ ಕೆಲವು ವಿಚಾರಣೆಗಳು ಅಗತ್ಯ. ವಿದ್ಯಾರ್ಥಿ ಮಾಡಿದ ಹಾಡನ್ನು ಕಲಿಸುವವರು ಕೇಳುತ್ತಾರೆಯೆ? ಕೇಳುವುದಾದರೆ ಎಷ್ಟು ಸಲ, ಯಾರು? ಪಾಠ ಹೇಳುವವರ ಸ್ವಂತ ಹಾಡುಗಳು ಎಲ್ಲಿ ಸಿಕ್ಕುತ್ತವೆ, ಅವು ಕಿವಿಗೆ ಹಿಡಿಸುತ್ತವೆಯೆ? ಒಂದು ತಿಂಗಳ ಹಣ ಕೊಟ್ಟು ಪರೀಕ್ಷಿಸಬಹುದೆ, ಅಥವಾ ಇಡೀ ಮೊತ್ತವನ್ನು ಒಮ್ಮೆಗೇ ಸುರಿಯಬೇಕೆ? ಪಾಠದ ಭಾಷೆ ಯಾವುದು? ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಈ ಸೀಮೆಯ ಹುಡುಗನಿಗೆ ವೇಗದ ಇಂಗ್ಲಿಷಿನಲ್ಲಿ ಹೇಳಿದ ಪಾಠ ಅರ್ಧ ಮಾತ್ರ ತಲುಪುತ್ತದೆ, ಶುಲ್ಕ ಮಾತ್ರ ಪೂರ್ತಿ. ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕದಿದ್ದರೆ ಹಣ ಕಿಸೆಯಲ್ಲೇ ಇರುವುದು ಲೇಸು.

ಅದಕ್ಕಿಂತ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ಉಚಿತ ತಂತ್ರಾಂಶವನ್ನೇ ಬಳಸಿ ಮೂರು ಹಾಡುಗಳನ್ನು ಆರಂಭದಿಂದ ಅಂತ್ಯದವರೆಗೆ ಮುಗಿಸಬೇಕು. ಅವು ಚೆನ್ನಾಗಿರಬೇಕೆಂದಿಲ್ಲ, ಮುಗಿದಿರಬೇಕು. ಮುಗಿಸುವ ಛಲ ಇಲ್ಲದವನಿಗೆ ಯಾವ ಕೋರ್ಸೂ ಅದನ್ನು ತುಂಬಿಕೊಡಲಾರದು. ಮುಗಿಸಿದವನಿಗೆ ತನ್ನ ಕೊರತೆ ಎಲ್ಲಿದೆ ಎಂಬುದು ಮಸುಕಾಗಿಯಾದರೂ ಕಾಣುತ್ತದೆ. ಆಗ ಆ ಮೂರು ಹಾಡುಗಳನ್ನು ಹಿಡಿದು ಚಿಂತಾಮಣಿಯಲ್ಲೋ ಬೆಂಗಳೂರಿನಲ್ಲೋ ಧ್ವನಿಮುದ್ರಣದಲ್ಲಿ ನುರಿತ ಒಬ್ಬರ ಬಳಿಗೆ ಹೋಗಿ, ಅವರ ಒಂದೆರಡು ಗಂಟೆಗೆ ತಕ್ಕ ಹಣ ಕೊಟ್ಟು, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು ಇಡೀ ಕೋರ್ಸಿಗಿಂತ ಹೆಚ್ಚು ಫಲ ಕೊಟ್ಟೀತು. ಉಳಿದ ಹಣದಲ್ಲಿ ಒಂದು ಒಳ್ಳೆಯ ಹೆಡ್‌ಫೋನ್ ಕೊಂಡರೆ ಅದು ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ.

ಊರಿನ ನಾದ ಯಾವ ಕೋರ್ಸಿನಲ್ಲೂ ಸಿಕ್ಕುವುದಿಲ್ಲ ಎಂಬುದನ್ನೂ ಮರೆಯಬಾರದು. ಬಾಸ್ಟನ್ನಿನ ಪಾಠದಲ್ಲಿ ತಮಟೆಯ ಪೆಟ್ಟಿಲ್ಲ, ಬರ್ಲಿನ್ನಿನ ಪಾಠದಲ್ಲಿ ಕೈವಾರದ ಭಜನೆಯಿಲ್ಲ. ಯಂತ್ರವನ್ನು ಎಲ್ಲರೂ ಕಲಿಯಬಲ್ಲ ಈ ಕಾಲದಲ್ಲಿ ಒಬ್ಬನ ಹಾಡು ಇನ್ನೊಬ್ಬನದಕ್ಕಿಂತ ಬೇರೆಯಾಗಿ ಕೇಳಿಸುವುದು ಇಂಥ ನಾದಗಳಿಂದಲೇ. ಅವುಗಳನ್ನು ಬಲ್ಲ ಹಿರಿಯರು ಇನ್ನೂ ಊರೂರಲ್ಲಿ ಇದ್ದಾರೆ. ಅವರ ಬಳಿ ಕೂರಲು ಬೇಕಾಗಿರುವುದು ಬಿಡುವು ಮತ್ತು ವಿನಯ, ಹಾಗೂ ಅವರಿಗೆ ಸಲ್ಲಬೇಕಾದ ಗೌರವಧನ. ಶುಲ್ಕ ಕೊಡುವುದೇ ಆದರೆ ಮೊದಲ ಕಂತು ಅವರಿಗೆ ಸಲ್ಲಲಿ.